ವಾಪಸ್ ಹೋಗುವ ಆಮದು ಸರಕಿನ ಸುಂಕ ಮರಳಿ ಪಡೆಯುವುದು ಹೇಗೆ?

ತರಿಸಿದ ಯಂತ್ರ ಆರ್ಡರ್‌ಗೆ ತಕ್ಕಂತಿಲ್ಲ, ಸಪ್ಲೈಯರ್‌ಗೇ ವಾಪಸ್ ಕಳಿಸಬೇಕು ಅಂದುಕೊಳ್ಳಿ. ಬಳಸದ ಸರಕನ್ನು ಸುಂಕ ಕಟ್ಟಿದ 2 ವರ್ಷದೊಳಗೆ ರಫ್ತಿಗೆ ಹಾಕಿದರೆ, 1962ರ ಕಸ್ಟಮ್ಸ್ ಕಾಯ್ದೆಯ 74ನೇ ಸೆಕ್ಷನ್‌ನಡಿ ಶೇ 98ರಷ್ಟು ಸುಂಕ ಮರಳುತ್ತದೆ. ಕಚ್ಚಾವಸ್ತು ತರಿಸಿ ಬೇರೆ ಸರಕು ಮಾಡಿ ಕಳಿಸುವವರಿಗೆ 75ನೇ ಸೆಕ್ಷನ್. ಅದರ ದಾರಿಯೇ ಬೇರೆ.

ಕ್ಲೇಮ್ ಗೆಲ್ಲುವುದೂ ಸೋಲುವುದೂ ಸರಕು ಹಡಗು ಹತ್ತುವ ಮೊದಲೇ. ಒಳಗೆ ಬಂದದ್ದೇ ಹೊರಗೆ ಹೋಗುತ್ತಿದೆ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಹಾಗಾಗಿ ಸೀರಿಯಲ್ ನಂಬರ್, ಮಾಡೆಲ್, ಬ್ಯಾಚ್ ನಂಬರ್ ಆಮದಿನ ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಲಿಸ್ಟ್‌ನಲ್ಲಿ ಮೊದಲೇ ಇರಲಿ. ನಂಬರೇ ಇಲ್ಲದ ನಟ್ಟು-ಬೋಲ್ಟು, ಬಿಡಿ ಸರಕಿನಲ್ಲಿ ತಕರಾರು ಹೆಚ್ಚು. ಮೂಲ ಪ್ಯಾಕಿಂಗ್, ಲೇಬಲ್ ಕಿತ್ತು ಬಿಸಾಡಬೇಡಿ.

ಕಸ್ಟಮ್ಸ್‌ಗೆ ಸಲ್ಲಿಸುವ ರಫ್ತು ಘೋಷಣೆಯಾದ ಶಿಪ್ಪಿಂಗ್ ಬಿಲ್‌ನಲ್ಲಿ 74ನೇ ಸೆಕ್ಷನ್ ಡ್ರಾಬ್ಯಾಕ್ (ಸುಂಕ ವಾಪಸಾತಿ) ಕ್ಲೇಮ್ ಎಂದು ಘೋಷಿಸಿ, ಆಮದಿನ ವೇಳೆ ಸಲ್ಲಿಸಿದ ಘೋಷಣೆಯಾದ ಬಿಲ್ ಆಫ್ ಎಂಟ್ರಿಯ ನಂಬರ್, ದಿನಾಂಕ ಕಾಣಿಸಿ. ಕಸ್ಟಮ್ಸ್ ಬ್ರೋಕರ್ ಅವಸರಕ್ಕೆ ಫ್ರೀ ಶಿಪ್ಪಿಂಗ್ ಬಿಲ್ (ಡ್ರಾಬ್ಯಾಕ್ ಕೇಳದ ಬಿಲ್) ಹಾಕಿ ಸರಕು ಕಳಿಸಿಬಿಟ್ಟರೆ ಆಮೇಲೆ ಸರಿಪಡಿಸುವುದು ದೊಡ್ಡ ಗೋಳು. ಕಸ್ಟಮ್ಸ್ ಅಧಿಕಾರಿ ಸರಕು ನೋಡಿ ಬರೆಯುವ ಪರೀಕ್ಷಾ ವರದಿಯಲ್ಲಿ ಸೀರಿಯಲ್ ನಂಬರ್‌ಗಳು ಬಿದ್ದಿವೆಯೇ, ಬಳಸಿಲ್ಲ ಎಂದು ಬರೆದಿದ್ದಾರೆಯೇ ಎಂದು ಅಲ್ಲೇ ನೋಡಿಕೊಳ್ಳಿ.

ಲೆಕ್ಕ ಹೀಗೆ. ಸರಕಿನ ಮೌಲ್ಯ ₹10,00,000. ಮೂಲ ಸುಂಕ ಶೇ 7.5 ಅಂದರೆ ₹75,000. ಅದರ ಮೇಲೆ ಶೇ 10 ಸಮಾಜ ಕಲ್ಯಾಣ ಸರ್‌ಚಾರ್ಜ್ ₹7,500. ಮೌಲ್ಯ, ಸುಂಕ, ಸರ್‌ಚಾರ್ಜ್ ಸೇರಿದ ಒಟ್ಟು ಮೊತ್ತದ ಮೇಲೆ ಶೇ 18 ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) ₹1,94,850. ಕಟ್ಟಿದ್ದು ಒಟ್ಟು ₹2,77,350. ಐಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ (ಕಟ್ಟಿದ ತೆರಿಗೆಯನ್ನು ಮುಂದಿನ ಜಿಎಸ್‌ಟಿಯಲ್ಲಿ ಹೊಂದಿಸಿಕೊಳ್ಳುವುದು) ತೆಗೆದುಕೊಂಡಿಲ್ಲದಿದ್ದರೆ ಅದರ ಶೇ 98, ಅಂದರೆ ₹2,71,803 ಸಿಗುತ್ತದೆ. ತೆಗೆದುಕೊಂಡಿದ್ದರೆ ಮೂಲ ಸುಂಕ, ಸರ್‌ಚಾರ್ಜ್‌ನ ಶೇ 98 ಮಾತ್ರ, ಬರೀ ₹80,850. ಎರಡೂ ಕಡೆ ಕೈಹಾಕಲು ಬಿಡುವುದಿಲ್ಲ, ಕ್ರೆಡಿಟ್ ಪಡೆದಿಲ್ಲ ಎಂಬುದಕ್ಕೆ ಪುರಾವೆ ಕೇಳುತ್ತಾರೆ.

ಬಳಸಿದ ಸರಕಿಗೆ ಮೊದಲ 3 ತಿಂಗಳಿಗೆ ಶೇ 95, 6 ತಿಂಗಳವರೆಗೆ ಶೇ 85, ಹೀಗೆ ಇಳಿಯುತ್ತ 15ರಿಂದ 18 ತಿಂಗಳಿಗೆ ಶೇ 60. ಅದು ದಾಟಿದರೆ ಸೊನ್ನೆ. ಉಡುಪಿನಂಥ ಕೆಲವು ಸರಕು ಬಳಸಿದ ಮೇಲೆ ಏನೂ ಸಿಗದು.

ಲೆಟ್ ಎಕ್ಸ್‌ಪೋರ್ಟ್ ಆರ್ಡರ್ (ಸರಕು ಕಳಿಸಲು ಕಸ್ಟಮ್ಸ್ ಕೊಡುವ ಅನುಮತಿ) ಸಿಕ್ಕ 3 ತಿಂಗಳೊಳಗೆ ಕ್ಲೇಮ್ ಹಾಕಬೇಕು. ಜೊತೆಗೆ ಪರೀಕ್ಷಾ ವರದಿಯಿರುವ ಶಿಪ್ಪಿಂಗ್ ಬಿಲ್, ಬಿಲ್ ಆಫ್ ಎಂಟ್ರಿ, ಸುಂಕ ಕಟ್ಟಿದ ಚಾಲನ್, ಆಮದು-ರಫ್ತು ಇನ್‌ವಾಯ್ಸ್‌ಗಳು, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್ (ಹಡಗಿನ ಸಾಗಣೆ ಪತ್ರ) ಅಥವಾ ಏರ್‌ವೇ ಬಿಲ್ (ವಿಮಾನದ ಸಾಗಣೆ ಪತ್ರ) ಇಡಿ. ಚೆನ್ನೈನಲ್ಲಿ ಇಳಿಸಿ ಬೆಂಗಳೂರಿನಿಂದ ಕಳಿಸಿದ್ದರೆ ಚೆನ್ನೈನ ದಾಖಲೆ ತಾಳೆ ನೋಡಲು ಹೆಚ್ಚು ದಿನ ಹಿಡಿಯಬಹುದು. ಕಾಗದ ಕೊರತೆಯಿದ್ದರೆ ಅದನ್ನು ತಿಳಿಸುವ ಡಿಫಿಷಿಯನ್ಸಿ ಮೆಮೊ ಬರುತ್ತದೆ. ಎಲ್ಲವೂ ಸರಿಯಿದ್ದು 1 ತಿಂಗಳೊಳಗೆ ಹಣ ಬರದಿದ್ದರೆ ಬಡ್ಡಿ ಕೇಳುವ ಹಕ್ಕು 75ಎ ಸೆಕ್ಷನ್‌ನಲ್ಲಿದೆ.