ಗೇರ್‌ಬಾಕ್ಸ್ ಬದಲಾಯಿಸಿದ ಮೇಲೆ ಫೋರ್-ಲೋ ಬೀಳದಿದ್ದಾಗ

ನನ್ನ ಹಳೆಯ ಜೀಪ್ ಚೆರೋಕಿ ಎಕ್ಸ್‌ಜೆಯಲ್ಲಿ ಮೊದಲಿದ್ದ ಎಡಬ್ಲ್ಯೂ-4 ಆಟೊಮ್ಯಾಟಿಕ್ ಇಳಿಸಿ, ಐದು ಗೇರಿನ ಎಎಕ್ಸ್-15 ಮ್ಯಾನ್ಯುಯಲ್ ಕೂರಿಸಿದೆ. ಕ್ಲಚ್ ಪೆಡಲ್, ಮಾಸ್ಟರ್ ಸಿಲಿಂಡರ್, ಫ್ಲೈವೀಲ್ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಆ ಕಥೆ ಬಿಡಿ. ಎಲ್ಲ ಮುಗಿದು ಗಾಡಿ ಓಡತೊಡಗಿದ ಮೇಲೆ ನನ್ನನ್ನು ಕಾಡಿದ್ದು ಪಕ್ಕದ ಚಿಕ್ಕ ಲಿವರ್, ಅಂದರೆ ಟ್ರಾನ್ಸ್‌ಫರ್ ಕೇಸಿನದು. ಗೇರ್‌ಬಾಕ್ಸಿನ ಹಿಂದೆ ಕೂತು ಎಂಜಿನ್ ಬಲವನ್ನು ಹಿಂದಿನ ಚಕ್ರಗಳಿಗೋ ನಾಲ್ಕೂ ಚಕ್ರಗಳಿಗೋ ಹಂಚುವ ಪೆಟ್ಟಿಗೆ ಅದು.

ಕೇಸು ಮೊದಲಿದ್ದ ಎನ್‌ಪಿ 231. ಎರಡೂ ಗೇರ್‌ಬಾಕ್ಸ್‌ಗಳ ಔಟ್‌ಪುಟ್ ಶಾಫ್ಟ್ 23 ಹಲ್ಲಿನದಾಗಿದ್ದರಿಂದ ಅದೇ ಕೇಸು ಮತ್ತೆ ಕೂತಿತು. ಟೂ-ಹೈ (ಎರಡು ಚಕ್ರಕ್ಕೆ ಬಲ), ಫೋರ್-ಹೈ (ನಾಲ್ಕಕ್ಕೂ ಬಲ) ಸಲೀಸಾಗಿ ಬೀಳುತ್ತಿದ್ದವು. ಫೋರ್-ಲೋಗೆ (ನಾಲ್ಕಕ್ಕೂ ಬಲ, ವೇಗ ಕಡಿಮೆ, ಎಳೆತ ಹೆಚ್ಚು) ಎಳೆದರೆ ಮಾತ್ರ ಲಿವರ್ ಕನ್ಸೋಲಿನ ಅಂಚಿಗೆ ತಾಗಿ ನಿಂತುಬಿಡುತ್ತಿತ್ತು. ಬಿದ್ದ ಹಾಗೆ ಅನ್ನಿಸಿದರೂ ಏರಿನಲ್ಲಿ ಭಾರ ಬಿದ್ದ ಕೂಡಲೇ ಕರಕರ ಸದ್ದು ಮಾಡಿ ನ್ಯೂಟ್ರಲ್‌ಗೆ ಜಾರುತ್ತಿತ್ತು. ಇದನ್ನು ಸಣ್ಣ ತೊಂದರೆ ಅಂದುಕೊಳ್ಳಬೇಡಿ. ಟ್ರಾನ್ಸ್‌ಫರ್ ಕೇಸು ನ್ಯೂಟ್ರಲ್‌ನಲ್ಲಿದ್ದಾಗ ಗೇರ್‌ಬಾಕ್ಸನ್ನು ಮೊದಲನೇ ಗೇರಿನಲ್ಲಿಟ್ಟರೂ ಗಾಡಿ ಉರುಳುತ್ತದೆ, ಎಂಜಿನ್ ತಡೆ ಸಿಗುವುದೇ ಇಲ್ಲ. ಇಳಿಜಾರಿನಲ್ಲಿ ಬ್ರೇಕ್ ಒಂದೇ ಗತಿ.

ಇಂಥ ಹೊತ್ತಿನಲ್ಲಿ ಎಲ್ಲರೂ ಕೊಡುವ ಸಲಹೆ ಒಂದೇ: ಲಿವರಿನ ಚಲನೆಯನ್ನು ಕೇಸಿಗೆ ಮುಟ್ಟಿಸುವ ರಾಡಿನ ಉದ್ದ ಅಡ್ಜಸ್ಟ್ ಮಾಡು. ಈ ಗಾಡಿಯಲ್ಲಿ ರಾಡು ಒಂದು ಟ್ರನಿಯನ್‌ನೊಳಗೆ (ರಾಡನ್ನು ಹಿಡಿದಿಡುವ ತೂತಿನ ತುಂಡು) ಜಾರುತ್ತದೆ; ಅದರ ಲಾಕ್ ಬೋಲ್ಟ್ ಸಡಿಲಿಸಿ, ಕೇಸನ್ನು ಫೋರ್-ಲೋನಲ್ಲಿಟ್ಟು ಮತ್ತೆ ಬಿಗಿ ಮಾಡಿದರೆ ಆಯಿತು. ಹಾಗೆ ಮಾಡಿದೆ. ಫೋರ್-ಲೋ ಸರಿಯಾಗಿ ಬಿತ್ತು, ಆದರೆ ಈಗ ಟೂ-ಹೈ ತಪ್ಪಿತು. ಲಿವರ್ ಪೂರ್ತಿ ಮುಂದೆ ಹೋಗಿ ತಾಗಿದರೂ ಫೋರ್-ವೀಲ್ ದೀಪ ಆರಲಿಲ್ಲ. ಗಿಡ್ಡ ಕಂಬಳಿಯ ಹಾಗೆ, ತಲೆಗೆಳೆದರೆ ಕಾಲಿಗಿಲ್ಲ. ಇಲ್ಲಿಗೆ ನನಗೆ ರೋಗ ಯಾವುದೆಂದು ಗೊತ್ತಾಯಿತು. ರಾಡಿನ ಉದ್ದ ಬದಲಿಸಿದರೆ ಚಲನೆ ಎಲ್ಲಿಂದ ಶುರುವಾಗುತ್ತದೆ ಅನ್ನುವುದಷ್ಟೇ ಬದಲಾಗುತ್ತದೆ, ಒಟ್ಟು ಚಲನೆ ಒಂದು ಮಿಲಿಮೀಟರೂ ಹೆಚ್ಚುವುದಿಲ್ಲ. ಒಂದು ತುದಿ ಸರಿಮಾಡಿದಾಗ ಇನ್ನೊಂದು ತುದಿ ಕೆಡುತ್ತಿದ್ದರೆ ದೋಷ ಉದ್ದದಲ್ಲಿಲ್ಲ, ಕೋನದಲ್ಲಿದೆ.

ಖಚಿತ ಮಾಡಿಕೊಳ್ಳಲು ರಾಡನ್ನು ಕೇಸಿನ ಲಿವರಿನಿಂದ ಪೂರ್ತಿ ಬಿಚ್ಚಿದೆ. ಯಾರೇ ಮಾಡಲಿ, ಮೊದಲು ಮಾಡಬೇಕಾದ್ದು ಇದೇ ಅನ್ನುತ್ತೇನೆ. ಗಾಡಿ ನಾಲ್ಕೂ ಸ್ಟ್ಯಾಂಡಿನ ಮೇಲೆ, ಎಂಜಿನ್ ಬಂದ್. ಕೇಸಿನ ಮೇಲಿನ ಗಿಡ್ಡ ಲಿವರನ್ನು ಕೈಯಿಂದಲೇ ತಿರುಗಿಸಿ. ಕೇಸಿನೊಳಗೆ ಲಿವರಿನ ಜೊತೆ ತಿರುಗುವ ಸೆಕ್ಟರ್ ಪ್ಲೇಟಿನ ಅಂಚಿನಲ್ಲಿ ಗುಳಿಗಳಿವೆ, ಸ್ಪ್ರಿಂಗ್ ಒತ್ತಡದ ಪ್ಲಂಜರ್ ಒಂದೊಂದರಲ್ಲೂ ಕಟಕ್ ಎಂದು ಕೂರುವುದು ಬೆರಳಿಗೇ ಗೊತ್ತಾಗುತ್ತದೆ. ಸರದಿ ಹೀಗೆ: ಟೂ-ಹೈ, ಫೋರ್-ಹೈ, ನ್ಯೂಟ್ರಲ್, ಫೋರ್-ಲೋ. ಕೊನೆಯದು ಬೀಳದಿದ್ದರೆ ಗಾಬರಿ ಬೇಡ; ಹಲ್ಲಿಗೆ ಹಲ್ಲು ಎದುರಾಗಿರುತ್ತದೆ, ಕೇಸಿನಿಂದ ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿದರೆ ಒಳಗೆ ಇಳಿಯುತ್ತದೆ. ನನ್ನ ಕೇಸಿನಲ್ಲಿ ನಾಲ್ಕೂ ಸ್ಪಷ್ಟವಾಗಿ ಕೂತವು, ಅಂದರೆ ಒಳಗೆ ಗೇರು ಸರಿಸುವ ಫೋರ್ಕು, ಸೆಕ್ಟರು ಕ್ಷೇಮ. ಕೇಸು ಬಿಚ್ಚಬೇಕೆಂದು ಹಟ ಹಿಡಿದಿದ್ದ ಗೆಳೆಯನಿಗೆ ಅಲ್ಲೇ ಉತ್ತರ ಸಿಕ್ಕಿತು.

ಮೊದಲ ಮತ್ತು ಕೊನೆಯ ಗುಳಿಯಲ್ಲಿ ಲಿವರಿನ ತುದಿ ಎಲ್ಲಿರುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ ಅಳೆದೆ. ಆಮೇಲೆ ಗಾಡಿಯೊಳಗಿನ ಚಿಕ್ಕ ಲಿವರನ್ನು ಒಬ್ಬರಿಂದ ಹಿಂದೆ ಮುಂದೆ ಆಡಿಸಿ, ಬಿಚ್ಚಿದ ರಾಡಿನ ತುದಿ ಎಷ್ಟು ಚಲಿಸುತ್ತದೆಂದು ಅಳೆದೆ. ಕೇಸು ಕೇಳುವುದಕ್ಕಿಂತ ರಾಡು ಕೊಡುವುದು ಕಡಿಮೆ ಇತ್ತು. ಕೀಲುಗಳಲ್ಲಿರುವ ಬುಷ್‌ಗಳ ಸಡಿಲ ಬೇರೆ ಅದರಲ್ಲೇ ಕಳೆಯಬೇಕು.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಾಡಿಯೊಳಗಿನ ಲಿವರಿಗೂ ಕೇಸಿಗೂ ನಡುವೆ ಒಂದು ಬೆಲ್‌ಕ್ರ್ಯಾಂಕ್ ಶಾಫ್ಟ್ ಇದೆ, ಲಿವರಿನ ಚಲನೆಯನ್ನು ತಿರುಗಿಸಿ ರಾಡಿಗೆ ದಾಟಿಸುವುದು ಅದು. ಅದರ ಒಂದು ತುದಿ ಬಾಡಿಯ ಬ್ರ್ಯಾಕೆಟ್ಟಿನ ಮೇಲೆ, ಇನ್ನೊಂದು ತುದಿ ಗೇರ್‌ಬಾಕ್ಸ್-ಕೇಸಿನ ಕಡೆ. ರಬ್ಬರ್ ಮೌಂಟ್ ಮೇಲೆ ಎಂಜಿನ್ ಹೊರಳಿದಾಗ ಅದು ಲಿವರಿಗೆ ತಟ್ಟದಿರಲಿ ಅನ್ನುವ ಏರ್ಪಾಡು. ಗೇರ್‌ಬಾಕ್ಸ್ ಬದಲಾದಾಗ ಬೇರೆ ಅಡಿ-ಮೌಂಟ್ ಬಂತು, ಕೇಸಿನ ಎತ್ತರ ಮತ್ತು ಜಾಗ ಕೊಂಚ ಬದಲಾಯಿತು. ಬಾಡಿ ಬ್ರ್ಯಾಕೆಟ್ ಮಾತ್ರ ಇದ್ದಲ್ಲೇ ಇತ್ತು. ಶಾಫ್ಟು ಓರೆಯಾಯಿತು, ರಾಡು ಕೇಸಿನ ಲಿವರಿಗೆ ಓರೆಯಲ್ಲೇ ಕೂತಿತು. ರಾಡು ಲಿವರಿಗೆ ಲಂಬವಾಗಿ ಎಳೆದಾಗ ಸಿಗುವ ತಿರುವು ಓರೆಯಾಗಿ ಎಳೆದಾಗ ಸಿಗುವುದಿಲ್ಲ. ಸಸ್ಪೆನ್ಷನ್ ಎತ್ತರಿಸಿ ಕ್ರಾಸ್‌ಮೆಂಬರ್ (ಗೇರ್‌ಬಾಕ್ಸನ್ನು ಹೊರುವ ಅಡ್ಡಪಟ್ಟಿ) ಕೆಳಗಿಳಿಸಿದವರಿಗೂ ಇದೇ ತೊಂದರೆ ಬರುವುದು ಇದಕ್ಕೇ.

ಕೇಸಿನ ಲಿವರಿನಲ್ಲಿ ಅದು ತಿರುಗುವ ಪಿವಟ್‌ಗೆ ಹತ್ತಿರ ಹೊಸ ತೂತು ಕೊರೆದರೂ ಅಷ್ಟೇ ಚಲನೆಗೆ ಹೆಚ್ಚು ತಿರುವು ಸಿಗುತ್ತದೆ. ಆದರೆ ಲಿವರ್ ಭಾರವಾಗುತ್ತದೆ, ಓರೆ ಓರೆಯಾಗಿಯೇ ಉಳಿಯುತ್ತದೆ. ರಾಡುಗಳನ್ನೆಲ್ಲ ಕಿತ್ತೆಸೆದು ಕೇಬಲ್ ಹಾಕುವವರಿದ್ದಾರೆ. ಒಳ್ಳೆಯ ದಾರಿಯೇ, ಆದರೆ ಎಗ್ಸಾಸ್ಟ್‌ನಿಂದ ದೂರ ಇಟ್ಟು, ತೀರಾ ಬಾಗದಂತೆ ಕೇಬಲ್ ಎಳೆಯಲು ಜಾಗ ಬೇಕು. ನಾನು ಬಾಡಿ ಬ್ರ್ಯಾಕೆಟ್ಟಿನ ತೂತುಗಳನ್ನು ಫೈಲಿನಿಂದ ಉದ್ದ ಮಾಡಿ, ಹಿಂದೆ ದಪ್ಪ ವಾಷರ್ ಕೊಟ್ಟು, ಶಾಫ್ಟು ನೇರವಾಗುವವರೆಗೆ ಸರಿಸಿದೆ. ನಡುವಿನ ಸ್ಥಾನದಲ್ಲಿ ರಾಡು ಕೇಸಿನ ಲಿವರಿಗೆ ಲಂಬಕೋನ ಮಾಡಬೇಕು. ನನಗಿದ್ದ ಅಳತೆಗೋಲು ಅದೊಂದೇ. ಸವೆದ ನೈಲಾನ್ ಬುಷ್‌ಗಳನ್ನೂ ಬದಲಾಯಿಸಿದೆ. ಇವಿಲ್ಲದೆ ಮೇಲಿನ ಕೆಲಸವೆಲ್ಲ ವ್ಯರ್ಥ.

ಆಮೇಲೆ ಮತ್ತೆ ಟ್ರನಿಯನ್. ಗಾಡಿಯೊಳಗಿನ ಲಿವರನ್ನು ಫೋರ್-ಲೋಗೆ ಹಾಕಿ, ಬೋಲ್ಟ್ ಸಡಿಲಿಸಿ, ರಾಡಿನ ತುಕ್ಕು ಒರೆಸಿ ಗ್ರೀಸ್ ಹಚ್ಚಿದೆ. ಕೇಸಿನ ಲಿವರ್ ಗುಳಿಯಲ್ಲಿ ಪೂರ್ತಿ ಕೂತಿದೆಯೆಂದು ಕೈಯಲ್ಲಿ ನೋಡಿ ಬಿಗಿದೆ. ಈ ಸಲ ಎರಡೂ ತುದಿ ಸಿಕ್ಕವು. ಕನ್ಸೋಲಿನ ಅಂಚನ್ನು ಸ್ವಲ್ಪ ಕೊರೆಯಬೇಕಾಯಿತು. ಹೊಸ ಗೇರ್ ಲಿವರ್ ಎರಡನೇ ಗೇರು, ನಾಲ್ಕನೇ ಗೇರು, ರಿವರ್ಸಿನಲ್ಲಿದ್ದಾಗ ಚಿಕ್ಕ ಲಿವರಿಗೆ ತಾಗದಂತೆಯೂ ನೋಡಿಕೊಂಡೆ.

ಭಾರ ಬಿದ್ದಾಗ ಏನಾಗುತ್ತದೆಂದು ನೋಡಲು ಗಾಡಿಯ ಕೆಳಗೆ ಯಾರೂ ಮಲಗಬಾರದು. ಚೌಕಟ್ಟಿಗೆ ಫೋನ್ ಕಟ್ಟಿ ವಿಡಿಯೊ ಹಾಕಿ, ಮಣ್ಣಿನ ಏರಿನಲ್ಲಿ ಫೋರ್-ಲೋ ಮೊದಲನೇ ಗೇರಿನಲ್ಲಿ ಹತ್ತಿಸಿದೆ. 2.72ರ ಕೆಳ ಅನುಪಾತದಲ್ಲಿ ಎಂಜಿನ್ ಹೊರಳುವುದು ಚೆನ್ನಾಗಿ ಕಂಡಿತು, ಲಿವರ್ ಕದಲಲಿಲ್ಲ. ಅಲ್ಲಿ ಕದಲಿದರೆ ಎಂಜಿನ್ ಮೌಂಟ್ ನೋಡಿ.

ಹಾಕುವ ರೀತಿಯ ಬಗ್ಗೆ ಒಂದು ಮಾತು. ಗಾಡಿ ಪೂರ್ತಿ ನಿಂತಿದ್ದಾಗ ಫೋರ್-ಲೋ ಹಟ ಮಾಡಿದರೆ ಲಿಂಕೇಜನ್ನು (ಲಿವರ್-ರಾಡುಗಳ ಜೋಡಣೆಯನ್ನು) ದೂರಬೇಡಿ. ಕ್ಲಚ್ ಒತ್ತಿ, ಗಂಟೆಗೆ 3ರಿಂದ 5 ಕಿ.ಮೀ. ವೇಗದಲ್ಲಿ ಉರುಳುತ್ತಿರುವಾಗ ತಡೆಯದೆ ಎಳೆದರೆ ಸುಲಭವಾಗಿ ಬೀಳುತ್ತದೆ. ಹೊಸ ರಬ್ಬರ್ ಮೌಂಟ್ ಒತ್ತಿಕೊಂಡು ಕೂತ ಮೇಲೆ ಕೇಸು ಕೂದಲೆಳೆಯಷ್ಟು ಇಳಿಯುತ್ತದೆ, ಆಗ ಟ್ರನಿಯನ್ ಬೋಲ್ಟನ್ನೂ ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಸ್ಲಿಪ್ ಯೋಕ್ (ಕೇಸಿನೊಳಗೆ ಜಾರಿ ಕೂರುವ ತುದಿ) ಎಷ್ಟು ಒಳಗಿದೆ ಅನ್ನುವುದನ್ನೂ ಇನ್ನೊಮ್ಮೆ ನೋಡಿ.