ಹೆಪಟೈಟಿಸ್ ಸಿ: ಮಾತ್ರೆ ಎಲ್ಲಿಂದ, ಆಸ್ಪತ್ರೆ ಬಿಲ್ಲು ಯಾರಿಂದ?

ಘಟ್ಟದ ಕೆಳಗಿರುವ ನಮ್ಮ ಚಿಕ್ಕಪ್ಪನಿಗೆ ಹೆಪಟೈಟಿಸ್ ಸಿ ಎಂಬ ಲಿವರ್ ಕಾಯಿಲೆ ಇದೆ ಎಂದು ಮೊದಲು ಗೊತ್ತಾದದ್ದು ಕಣ್ಣಿನ ಪೊರೆ ಆಪರೇಷನ್‌ಗೆ ಹೋದಾಗ. ರಕ್ತ ಪರೀಕ್ಷೆಯ ಚೀಟಿಯಲ್ಲಿ ಎಚ್‌ಸಿವಿ (ಹೆಪಟೈಟಿಸ್ ಸಿ ವೈರಸ್) ಪಾಸಿಟಿವ್ ಎಂದಿತ್ತು. ಆಮೇಲೆ ನೋಡಿದರಾಯಿತು ಎಂದು ಅವರು ಚೀಟಿ ಮಡಚಿ ಇಟ್ಟರು. ಒಂದು ವರ್ಷದ ನಂತರ ರಾತ್ರಿ ರಕ್ತ ವಾಂತಿಯಾಯಿತು. ಮಳೆಯಲ್ಲೇ ಕಾರು ಮಾಡಿಕೊಂಡು ಹೊರ ಜಿಲ್ಲೆಯ ಆಸ್ಪತ್ರೆಗೆ ಓಡಿದೆವು. ಬಿಲ್ಲು ಬಂತು, ವಿಮಾ ಕಂಪನಿ ಕೊಡುವುದಿಲ್ಲ ಎಂದಿತು. 'ತಮಾ, ಕಂತು ಕಟ್ಟಿದ್ದೆಲ್ಲ ಸುಮ್ನೆ ಹೋಯ್ತಲ್ಲ' ಎಂದು ಚಿಕ್ಕಪ್ಪ ತಲೆ ಮೇಲೆ ಕೈ ಹೊತ್ತು ಕೂತರು. ಸುಮ್ನೆ ಹೋಗಲಿಲ್ಲ. ಆ ದುಡ್ಡು ವಾಪಸ್ ಬಂತು. ಆದರೆ ಮೊದಲೇ ಗೊತ್ತಿದ್ದರೆ ಅಷ್ಟು ಓಡಾಟ ಬೇಕಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪಾಸಿಟಿವ್ ಎಂದ ಕೂಡಲೇ ಔಷಧಿ ಅಲ್ಲ, ಇನ್ನೊಂದು ಪರೀಕ್ಷೆ

ಮೊದಲ ಪರೀಕ್ಷೆ ಹೇಳುವುದು ವೈರಸ್ ಎಂದಾದರೂ ದೇಹದೊಳಗೆ ಬಂದಿತ್ತೇ ಎಂಬುದನ್ನು ಮಾತ್ರ. ಈಗಲೂ ಇದೆಯೇ ಎಂದು ತಿಳಿಯಲು ವೈರಲ್ ಲೋಡ್ ಪರೀಕ್ಷೆ ಬೇಕು, ಅಂದರೆ ಪಿಸಿಆರ್. ಕೆಲವರಲ್ಲಿ ವೈರಸ್ ತಾನಾಗಿಯೇ ಹೋಗಿರುತ್ತದೆ. ಅಂಥವರಿಗೆ ಔಷಧಿ ಬೇಕಾಗುವುದಿಲ್ಲ.

ಈ ವೈರಸ್ ಹರಡುವುದು ರಕ್ತದಿಂದ. ನಮ್ಮ ದೇಶದಲ್ಲಿ ದಾನದ ರಕ್ತಕ್ಕೆ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಅದಕ್ಕೂ ಮೊದಲು ಆಪರೇಷನ್ ಅಥವಾ ಹೆರಿಗೆ ಸಮಯದಲ್ಲಿ ರಕ್ತ ಹಾಕಿಸಿಕೊಂಡವರು, ಡಯಾಲಿಸಿಸ್ ಮಾಡಿಸುವವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಚಿಕ್ಕಪ್ಪ ರಕ್ತ ಹಾಕಿಸಿಕೊಂಡದ್ದು ತೊಂಬತ್ತರ ದಶಕದಲ್ಲಿ. ಭಟ್ಕಳ, ಹೊನ್ನಾವರ ಕಡೆ ಗಲ್ಫ್‌ಗೆ ಹೊರಟ ಹುಡುಗರಿಗೆ ಮೆಡಿಕಲ್‌ನಲ್ಲಿ ಅನ್‌ಫಿಟ್ ಆದಾಗಲೇ ಇದು ಗೊತ್ತಾಗುವುದೂ ಉಂಟು.

ನಮ್ಮಲ್ಲಿ ಕಾಮಾಲೆ ಎಂದರೆ ನೆಲನೆಲ್ಲಿ ಅರೆದು ಕುಡಿಸುವ ರೂಢಿ ಇದೆ. ನೀರಿನಿಂದ ಬರುವ ಕಾಮಾಲೆ ಹೆಚ್ಚಿನವರಲ್ಲಿ ತಾನಾಗಿಯೇ ವಾಸಿಯಾಗುತ್ತದೆ, ಹೆಸರು ಮದ್ದಿಗೆ ಬರುತ್ತದೆ. ಹೆಪಟೈಟಿಸ್ ಸಿ ಹಾಗಲ್ಲ. ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಲಿವರ್ ತಿನ್ನುತ್ತದೆ. ದಯವಿಟ್ಟು ಪಥ್ಯ ನಂಬಿ ಕೂರಬೇಡಿ.

ಮಾತ್ರೆಗೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ

ಬಹಳ ಜನ ತಪ್ಪುವುದು ಇಲ್ಲೇ. 2013ರ ಕೊನೆಗೆ ಅಮೆರಿಕದಲ್ಲಿ ಸೊಫೊಸ್ಬುವಿರ್ ಮಾತ್ರೆ ಬಂದಾಗ ಒಂದಕ್ಕೆ 1,000 ಡಾಲರ್ ಇತ್ತು. ಹನ್ನೆರಡು ವಾರಕ್ಕೆ 84 ಮಾತ್ರೆ, 84,000 ಡಾಲರ್. ಈ ಬೆಲೆ ಕೇಳಿ ನಮ್ಮವರೂ ಹೆದರುತ್ತಾರೆ. ಆದರೆ 2014ರಲ್ಲೇ ಭಾರತದ ಕಂಪನಿಗಳಿಗೆ ಇದನ್ನು ತಯಾರಿಸಲು ಪರವಾನಗಿ ಸಿಕ್ಕಿತು, ಬೆಲೆ ಎಷ್ಟೋ ಇಳಿಯಿತು. 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಇದರಲ್ಲಿ ಪರೀಕ್ಷೆಯೂ ಉಚಿತ, ಮಾತ್ರೆಯೂ ಉಚಿತ. ಬಿಪಿಎಲ್ ಕಾರ್ಡ್ ಇರಲೇಬೇಕು ಎಂದೇನಿಲ್ಲ.

ಕಾರವಾರದ ಕಡೆಯವರು ಮೆಡಿಕಲ್ ಕಾಲೇಜಿಗೆ ಸೇರಿದ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಶಿರಸಿಯವರು ಪಂಡಿತ ಸಾರ್ವಜನಿಕ ಆಸ್ಪತ್ರೆಯಲ್ಲಿ ಕೇಳಿ, ಚಿಕಿತ್ಸೆ ಎಲ್ಲಿ ಕೊಡುತ್ತಾರೆ ಎಂದು ದಾರಿ ತೋರಿಸುತ್ತಾರೆ. ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿಯೂ ಕೇಳಬಹುದು. ಕೌಂಟರಿನಲ್ಲಿ ಬರೀ 'ಲಿವರ್ ತೊಂದರೆ' ಎನ್ನಬೇಡಿ. 'ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಹೆಸರು ಬರೆಸಬೇಕು' ಎಂದೇ ಹೇಳಿ. ಆಧಾರ್, ಹಳೆಯ ರಿಪೋರ್ಟು ಜೊತೆಗಿರಲಿ.

ಲಿವರ್ ಗಟ್ಟಿಯಾಗದವರಿಗೆ ಸಾಮಾನ್ಯವಾಗಿ ಸೊಫೊಸ್ಬುವಿರ್, ಡಕ್ಲಾಟಾಸ್ವಿರ್ ಮಾತ್ರೆ 12 ವಾರ. ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗಿದ್ದರೆ ಡಕ್ಲಾಟಾಸ್ವಿರ್ ಬದಲು ವೆಲ್ಪಾಟಾಸ್ವಿರ್ ಕೊಡುತ್ತಾರೆ, ಕೆಲವರಿಗೆ 24 ವಾರವೂ ಬೇಕಾಗುತ್ತದೆ. ಒಂದು ಡಬ್ಬಿಯಲ್ಲಿ 28 ಮಾತ್ರೆ. ಚಿಕ್ಕಮ್ಮ ಡಬ್ಬಿಯನ್ನು ದೇವರ ಗೂಡಿನ ಪಕ್ಕ ಇಟ್ಟು, ಒಂದು ಮಾತ್ರೆ ನುಂಗಿದ ಕೂಡಲೇ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುತ್ತಿದ್ದರು. ಒಂದು ದಿನವೂ ತಪ್ಪಲಿಲ್ಲ. ಗ್ಯಾಸ್ ಮಾತ್ರೆ, ಹೃದಯದ ಮಾತ್ರೆ ಏನೇ ತಿನ್ನುತ್ತಿದ್ದರೂ ಡಾಕ್ಟರಿಗೆ ಮೊದಲೇ ಹೇಳಿ. ಕೆಲವು ಒಟ್ಟಿಗೆ ಹೊಂದುವುದಿಲ್ಲ.

ವಿಮೆ ಬೇಕಾಗುವುದು ಅಡ್ಮಿಟ್ ಆದಾಗ

ಸಾಮಾನ್ಯ ಆರೋಗ್ಯ ವಿಮೆ ಮನೆಯಲ್ಲಿ ನುಂಗುವ ಮಾತ್ರೆಗೆ ದುಡ್ಡು ಕೊಡುವುದು ಕಡಿಮೆ. ಕನಿಷ್ಠ 24 ಗಂಟೆ ಅಡ್ಮಿಟ್ ಆಗಿರಬೇಕು ಎನ್ನುತ್ತಾರೆ. ಆದರೆ ರಕ್ತ ವಾಂತಿ, ಹೊಟ್ಟೆಯಲ್ಲಿ ನೀರು, ಎಂಡೋಸ್ಕೋಪಿ ಮಾಡಿ ರಕ್ತನಾಳಕ್ಕೆ ಬ್ಯಾಂಡ್ ಹಾಕುವುದು, ಇದಕ್ಕೆಲ್ಲ ವಿಮೆಯೇ ಆಧಾರ. ಅಡ್ಮಿಟ್ ಆಗುವ ಮುನ್ನ ಮಾಡಿಸಿದ ಪರೀಕ್ಷೆ, ಬಿಡುಗಡೆಯ ನಂತರದ ಔಷಧಿ ಕೂಡ ಇದೇ ಕ್ಲೇಮ್‌ನಲ್ಲಿ ಸೇರುತ್ತದೆ. ಹೆಚ್ಚಿನ ಪಾಲಿಸಿಗಳಲ್ಲಿ ಮುಂಚಿನ 30 ದಿನ, ನಂತರದ 60 ದಿನ ಎಂದಿರುತ್ತದೆ. ಆ ಬಿಲ್ಲುಗಳನ್ನು ಎಸೆಯಬೇಡಿ. ಮೆಡಿಕಲ್ ಶಾಪಿನ ನುಣುಪು ಕಾಗದದ ಬಿಲ್ಲು ನಮ್ಮ ಮಳೆಗಾಲದಲ್ಲಿ ಎರಡೇ ತಿಂಗಳಿಗೆ ಬಿಳಿಯಾಗಿಬಿಡುತ್ತದೆ. ತಂದ ದಿನವೇ ಜೆರಾಕ್ಸ್ ಮಾಡಿಸಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿಡಿ.

ಖಾಸಗಿ ಪಾಲಿಸಿ ಇಲ್ಲದವರಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ಹೆಚ್ಚೆಂದರೆ ಒಂದೂವರೆ ಲಕ್ಷ. ತುರ್ತು ಇಲ್ಲದಿದ್ದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೊರಡುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬರೆಸಿಕೊಳ್ಳಿ. ದೊಡ್ಡ ಆಸ್ಪತ್ರೆಗೆ ಮುಟ್ಟಿದ ಮೇಲೆ ಆ ಒಂದು ಚೀಟಿಗಾಗಿ ಘಟ್ಟ ಹತ್ತಿ ಇಳಿದು ಬಂದವರನ್ನು ನೋಡಿದ್ದೇನೆ. ಕಾರವಾರದವರಿಗೆ ಗೋವಾ ಹತ್ತಿರ, ನಿಜ. ಆದರೆ ಅದು ಬೇರೆ ರಾಜ್ಯ. ನಿಮ್ಮ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಕಾರ್ಮಿಕರ ಇಎಸ್ಐ ವಿಮೆ ಇದ್ದವರು, ಇಸಿಎಚ್ಎಸ್ ಕಾರ್ಡ್ ಇರುವ ನಿವೃತ್ತ ಸೈನಿಕರು ತಮ್ಮ ಡಿಸ್ಪೆನ್ಸರಿಯಲ್ಲಿ ವಿಚಾರಿಸಿ. ಅಲ್ಲಿ ಮಾತ್ರೆಯೂ ಸಿಗಬಹುದು.

ಡಿಸ್ಚಾರ್ಜ್ ಸಮ್ಮರಿ ಓದದೆ ಆಸ್ಪತ್ರೆ ಬಿಡಬೇಡಿ

ಚಿಕ್ಕಪ್ಪನ ಕ್ಲೇಮ್ ಹಾಳಾದದ್ದು ಒಂದು ಸಾಲಿನಿಂದ. ಅಡ್ಮಿಟ್ ಮಾಡುವಾಗ ಡ್ಯೂಟಿ ಡಾಕ್ಟರು ಎಷ್ಟು ದಿನದಿಂದ ತೊಂದರೆ ಎಂದು ಕೇಳಿದರು. ಚಿಕ್ಕಪ್ಪ ನೋವಿನಲ್ಲೇ 'ಆರು ವರ್ಷದಿಂದ ಗ್ಯಾಸ್' ಎಂದರು. ಬಿಡುಗಡೆಯಾಗುವಾಗ ಆಸ್ಪತ್ರೆ ಬರೆದುಕೊಡುವ ಸಮ್ಮರಿಯಲ್ಲಿ ಅದು ಆರು ವರ್ಷದಿಂದ ಲಿವರ್ ಕಾಯಿಲೆ ಎಂದಾಯಿತು. ಪಾಲಿಸಿಗೆ ಆಗಿದ್ದದ್ದು ಎರಡೇ ವರ್ಷ. ಮೊದಲೇ ಇದ್ದ ಕಾಯಿಲೆ ಎಂದು ಕಂಪನಿ ಕೈಬಿಟ್ಟಿತು.

ನಮ್ಮನ್ನು ಉಳಿಸಿದ್ದು ಮಡಚಿಟ್ಟ ಆ ಕಣ್ಣಿನ ಆಸ್ಪತ್ರೆಯ ಚೀಟಿ. ಅದರ ಮೇಲೆ ತಾರೀಕಿತ್ತು, ಪಾಲಿಸಿ ಮಾಡಿಸಿ ಒಂದು ವರ್ಷದ ನಂತರದ್ದು. ನಿಯಮದ ಪ್ರಕಾರ ಪಾಲಿಸಿ ಮಾಡಿಸುವ ಮೊದಲು ಡಾಕ್ಟರು ಪತ್ತೆ ಹಚ್ಚಿದ್ದು ಅಥವಾ ಅದಕ್ಕೆ ಸಲಹೆ, ಚಿಕಿತ್ಸೆ ಪಡೆದದ್ದು ಮಾತ್ರ ಮೊದಲೇ ಇದ್ದ ಕಾಯಿಲೆ. ಗ್ಯಾಸ್ ಎಂದು ಮನೆಯಲ್ಲಿ ಜೀರಿಗೆ ಕಷಾಯ ಕುಡಿದದ್ದು ಅದರಲ್ಲಿ ಬರುವುದಿಲ್ಲ, ಅಲ್ವಾ? ಚಿಕಿತ್ಸೆ ಕೊಟ್ಟ ಡಾಕ್ಟರಿಂದ ತಿದ್ದಿದ ಪತ್ರ ತಂದೆವು. ಚೀಟಿಯ ಪ್ರತಿ ಸೇರಿಸಿ ಕಂಪನಿಯ ದೂರು ಅಧಿಕಾರಿಗೆ ಬರೆದೆವು. ದುಡ್ಡು ಬಂತು.

ಎರಡು ಲೆಕ್ಕ ನೆನಪಿಡಿ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ (ಅಲ್ಲಿಯವರೆಗೆ ಆ ಕಾಯಿಲೆಗೆ ಕ್ಲೇಮ್ ಸಿಗುವುದಿಲ್ಲ) ಈಗ ಹೆಚ್ಚೆಂದರೆ 36 ತಿಂಗಳು. ಬಿಡದೆ 60 ತಿಂಗಳು ಕಂತು ಕಟ್ಟಿದ ಮೇಲೆ, ವಂಚನೆ ಸಾಬೀತಾದರೆ ಹೊರತು, ಹಿಂದೆ ಹೇಳಿರಲಿಲ್ಲ ಎಂದು ಕ್ಲೇಮ್ ತಳ್ಳುವಂತಿಲ್ಲ. ಹಾಗಂತ ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಬೇಡಿ. ಗೊತ್ತಿದ್ದದ್ದನ್ನು ಫಾರ್ಮಿನಲ್ಲಿ ಬರೆದುಬಿಡಿ. ಏಜೆಂಟ್ 'ಅದೆಲ್ಲ ಬೇಡ' ಎಂದರೂ ಕೇಳಬೇಡಿ. ಸಹಿ ಮಾಡುವುದು ನೀವು.

ಇಲ್ಲ ಎಂದರೆ

ಫೋನಿನಲ್ಲಿ ಹೇಳಿದ 'ಇಲ್ಲ'ಕ್ಕೆ ಬೆಲೆಯಿಲ್ಲ. ಪಾಲಿಸಿಯ ಯಾವ ಷರತ್ತಿನಂತೆ ಇಲ್ಲ ಎಂದು ಬರಹದಲ್ಲಿ ಕೇಳಿ. ಮೊದಲು ಕಂಪನಿಗೇ ದೂರು ಕೊಡಿ. ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಐಆರ್‌ಡಿಎಐ ಸಂಸ್ಥೆಯ ಬಿಮಾ ಭರೋಸಾ ಎಂಬ ದೂರು ವ್ಯವಸ್ಥೆಯಲ್ಲೂ ದಾಖಲಿಸಬಹುದು, ನಂಬರ್ 155255. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ವಿಮೆಯ ತಕರಾರು ಬಗೆಹರಿಸುವ ಅಧಿಕಾರಿಗೆ, ಅಂದರೆ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಿರಿ. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ತಕರಾರು ನೋಡುತ್ತಾರೆ. ಕಂಪನಿ ಇಲ್ಲ ಎಂದ ಒಂದು ವರ್ಷದೊಳಗೆ ಹೋಗಬೇಕು. ದೂರನ್ನು ಆನ್‌ಲೈನ್‌ನಲ್ಲೇ ಕೊಡಬಹುದು, ವಿಚಾರಣೆ ವಿಡಿಯೋದಲ್ಲೂ ನಡೆಯುತ್ತದೆ.

ಕೊನೆಯ ರಿಪೋರ್ಟು

ಮಾತ್ರೆ ಮುಗಿದ 12 ವಾರಕ್ಕೆ ಮತ್ತೆ ಪಿಸಿಆರ್ ಮಾಡಿಸಬೇಕು. ಅದರಲ್ಲಿ ವೈರಸ್ ಕಾಣದಿದ್ದರೆ ವಾಸಿಯಾಯಿತು ಎಂದರ್ಥ. ಸಾಮಾನ್ಯವಾಗಿ ನೂರರಲ್ಲಿ 95 ಮಂದಿಗೆ ಹಾಗೇ ಆಗುತ್ತದೆ. ಈ ರಿಪೋರ್ಟನ್ನು ಜಾಗದ ಪತ್ರದ ಹಾಗೆ ಕಾಪಾಡಿ. ಮೊದಲಿನ ಪರೀಕ್ಷೆ ವಾಸಿಯಾದ ಮೇಲೂ ಪಾಸಿಟಿವ್ ಎಂದೇ ತೋರಿಸುತ್ತಿರುತ್ತದೆ. ನಾಳೆ ಪಾಲಿಸಿ, ಆಪರೇಷನ್, ಕೆಲಸ ಯಾವುದಕ್ಕೇ ಹೋದರೂ ಯಾರಾದರೂ ಕೇಳಿಯೇ ಕೇಳುತ್ತಾರೆ. ಸಿರೋಸಿಸ್ ಆದವರು ವೈರಸ್ ಹೋದರೂ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಬಿಡಬಾರದು. ಚಿಕ್ಕಪ್ಪನ ಮುಂದಿನ ಸ್ಕ್ಯಾನಿಂಗ್ ತಾರೀಕನ್ನು ಚಿಕ್ಕಮ್ಮ ಅದೇ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಇಟ್ಟಿದ್ದಾರೆ.