ಟ್ರಾನ್ಸ್‌ಮಾನ್ ಕ್ಯೂಬಿಟ್‌ನ ಟಿ2 ಏರಿಸಿದ್ದು ಹೀಗೆ
ನಮ್ಮ ಲ್ಯಾಬಿನ ಟ್ರಾನ್ಸ್‌ಮಾನ್ ಕ್ಯೂಬಿಟ್‌ನಲ್ಲಿ (ಕ್ವಾಂಟಮ್ ಕಂಪ್ಯೂಟರ್‌ನ ಒಂದು ಬಗೆಯ ಸೂಪರ್‌ಕಂಡಕ್ಟಿಂಗ್ ಬಿಟ್) ಟಿ1, ಅಂದರೆ ಎನರ್ಜಿ ಉಳಿಯುವ ಹೊತ್ತು, ಚೆನ್ನಾಗಿತ್ತು. ಕ್ವಾಂಟಮ್ ಸ್ಥಿತಿಯ ಫೇಸ್ ಎಷ್ಟು ಹೊತ್ತು ಉಳಿಯುತ್ತದೆ ಎಂದು ಹೇಳುವ ಟಿ2 ಮಾತ್ರ ತೀರಾ ಕಡಿಮೆ. ನಡುವೆ ಕ್ಯೂಬಿಟ್ ಅನ್ನು ತಿರುಗಿಸುವ ಎಕೋ ಪಲ್ಸ್ ಹಾಕಿದರೂ ಏರಲಿಲ್ಲ. ಸುಳಿವು ಸಿಕ್ಕಿದ್ದೇ ಅಲ್ಲಿ. ನಿಧಾನದ ನಾಯ್ಸ್ ಆಗಿದ್ದರೆ ಎಕೋ ಅದನ್ನು ಅಳಿಸುತ್ತಿತ್ತು, ಅಲ್ವಾ? ಅನುಮಾನ ಕ್ಯೂಬಿಟ್‌ನ ಸ್ಥಿತಿ ಓದಲು ಬಳಸುವ ರೀಡೌಟ್ ರೆಸೊನೇಟರ್ ಮೇಲೆ ಬಿತ್ತು. ಕ್ಯೂಬಿಟ್ ಇರುವ ಫ್ರಿಜ್‌ನ ತಳ ಸುಮಾರು 10 ಮಿಲಿಕೆಲ್ವಿನ್‌ನಲ್ಲಿದ್ದರೂ ಮೇಲಿನ ಬಿಸಿ ಹಂತಗಳಿಂದ ಕೇಬಲ್ ಮೂಲಕ ಫೋಟಾನ್‌ಗಳು ಇಳಿಯುತ್ತವೆ. ರೆಸೊನೇಟರ್‌ಗೆ ಒಂದು ಫೋಟಾನ್ ಹೊಕ್ಕರೂ ಕ್ಯೂಬಿಟ್‌ನ ಫ್ರೀಕ್ವೆನ್ಸಿ ಜರುಗುತ್ತದೆ, ಫೇಸ್ ಕೆಡುತ್ತದೆ. ಬೇಕೆಂದೇ ರೆಸೊನೇಟರ್‌ಗೆ ನಾಯ್ಸ್ ಕೊಟ್ಟು ನೋಡಿದೆ. ಏರಿಸಿದಷ್ಟೂ ಟಿ2 ಕುಸಿಯಿತು. ಆಮೇಲೆ ತಳದ ಹಂತದಲ್ಲಿ ಸಿಗ್ನಲ್ ತಗ್ಗಿಸುವ ಇನ್ನೊಂದು ಅಟೆನ್ಯುಯೇಟರ್ ಮತ್ತು ಇನ್‌ಫ್ರಾರೆಡ್ ಫಿಲ್ಟರ್ ಹಾಕಿ, ಎರಡನ್ನೂ ತಾಮ್ರದ ತಟ್ಟೆಗೆ ಬಿಗಿಯಾಗಿ ಕೂರಿಸಿದೆ. ಸುಮ್ನೆ ನೇತಾಡಿದರೆ ಅವೇ ಸರಿಯಾಗಿ ತಣಿಯುವುದಿಲ್ಲ. ಮತ್ತೆ ತಣಿಸಿ ಅಳೆದಾಗ ಎಕೋ ಟಿ2, ಟಿ1 ಅನ್ನೂ ದಾಟಿತ್ತು. ತುಂಬಾ ಖುಷಿಯಾಯಿತು! ರೀಡೌಟ್ ಪಲ್ಸ್‌ನ ಪವರ್ ಮಾತ್ರ ಹೊರಗಿನಿಂದ, ಹೊಸ ಅಟೆನ್ಯುಯೇಟರ್ ತಗ್ಗಿಸಿದಷ್ಟೇ, ಜಾಸ್ತಿ ಮಾಡಬೇಕು.